ಮೂರನೆಯ ಪೆಟ್ಟಿಗೆ

ಮಾಸ್ತರರನ್ನು ಚುನಾವಣೆಗೆ ನಿಲ್ಲಿಸಿ ಗೆಲ್ಲಿಸಿಕೊಂಡು ಬರುವ ಕೆಲಸವನ್ನು ನಾನು ಕೈಗೆತ್ತಿಕೊಂಡಾಗ, ಅದು ಕಷ್ಟದ ಕೆಲಸವೆಂದು ನನಗೆ ಒಂದು ಗಳಿಗೆಯೂ ಅನ್ನಿಸಲಿಲ್ಲ. ನಾನು ಖಾಸಗಿ ಬ್ಯಾಂಕೊಂದರ ಹಿರಿಯ ಕಾರಕೂನ, ಅಡ್ಡಹೆಸರು ಅಂಗಡಿ. ನನ್ನ ಅಕ್ಷರ ದುಂಡಗಿದೆ. ಮರಾಠಿ ಓದಲು ಬರುತ್ತದೆ, ಹಿಂದಿಯಲ್ಲಿ ಜಗಳವಾಡಲು ಬರುತ್ತದೆ. ಗಣೇಶೋತ್ಸವದಲ್ಲಿ ಎರಡು ಸಲ ಸ್ವಾಗತ ಭಾಷಣ ಮಾಡಿದ್ದೇನೆ. ಪ್ರಜಾಪ್ರಭುತ್ವ ನಡೆಸಲು ಇದಕ್ಕಿಂತ ಹೆಚ್ಚಿನ ಯೋಗ್ಯತೆ ಬೇಕೆಂದು ಯಾವ ಕಾನೂನಿನಲ್ಲಿಯೂ ಬರೆದಿಲ್ಲ.

ನಾಗಪುರ ಆಗಷ್ಟೇ ರಾಜಧಾನಿಯ ಪಟ್ಟ ಕಳೆದುಕೊಂಡು ಕೂತಿತ್ತು. ಮಂತ್ರಿಗಳು ಫೈಲುಗಳನ್ನು ಹೊರಿಸಿಕೊಂಡು ಸಿವಿಲ್ ಲೈನ್ಸಿನಿಂದ ಭೋಪಾಲದ ಕಡೆ ನಡೆದಿದ್ದರು. ನಮ್ಮನ್ನು ಮುಂಬೈ ರಾಜ್ಯಕ್ಕೆ ಸೇರಿಸಿದ್ದರು. ನಾನು ಧಾರವಾಡ ಜಿಲ್ಲೆಯವನು. ಮುಂಬೈ ಪ್ರಾಂತದಲ್ಲಿ ಹುಟ್ಟಿ, ಅದನ್ನು ಬಿಟ್ಟು ನೌಕರಿಗಾಗಿ ಇಷ್ಟು ದೂರ ಬಂದವನು. ಈಗ ನನ್ನ ಊರು ಮೈಸೂರಿಗೆ ಹೋಯಿತು, ಮುಂಬೈ ನನ್ನನ್ನು ಹುಡುಕಿಕೊಂಡು ನಾಗಪುರಕ್ಕೆ ಬಂತು. ಹಣೆಬರಹವನ್ನು ಮುಂಬೈಯಲ್ಲಿ ಬರೆಸಿಕೊಂಡವನು ಎಲ್ಲಿಗೆ ಓಡಿ ಏನು ಪ್ರಯೋಜನ?

ರಾಜಧಾನಿ ಹೋದದ್ದಕ್ಕೆ ಸಮಾಧಾನವೋ ಎಂಬಂತೆ ನಮ್ಮ ಕಡೆಗೆ ಹೊಸದೊಂದು ಕ್ಷೇತ್ರ ಬಂತು. ಕಾಮಠಿ ರಸ್ತೆಯ ಕಡೆಗೆ ಊರ ಹೊರಗೆ ಬೆಳೆದಿದ್ದ ವಸತಿಗಳು, ಐದಾರು ಹಳ್ಳಿಗಳು, ನಡುನಡುವೆ ಕಿತ್ತಳೆ ತೋಟಗಳು, ಎಲ್ಲವನ್ನೂ ಕೂಡಿಸಿ ಒಂದು ವಿಧಾನಸಭಾ ಕ್ಷೇತ್ರ ಮಾಡಿದರು. ಅದರೊಳಗೆ ನಾವೂ ಇದ್ದೆವು. ನಮ್ಮ ವಸತಿಗೆ ಸರಿಯಾದ ಹೆಸರು ಕೂಡ ಇರಲಿಲ್ಲ. ಪೇಟೆಯಿಂದ ಬರುವಾಗ ರೈಲ್ವೆ ಗೇಟು ದಾಟಿ ಬರಬೇಕಾದ್ದರಿಂದ ಜನ ಅದನ್ನು ಫಾಟಕ್‌ಪಾರ್ ಎನ್ನುತ್ತಿದ್ದರು. ಗೇಟಿನಾಚೆ ಎಂದು ಅರ್ಥ. ಬೀಳುವುದು ಆ ಗೇಟಿನ ಸ್ವಭಾವ, ಏಳುವುದು ಅದರ ಮರ್ಜಿ. ಮಾಲುಗಾಡಿಗಳು ಹಿಂದೆ ಮುಂದೆ ಆಡುತ್ತ ನಿಂತರೆ ಒಮ್ಮೊಮ್ಮೆ ಮುಕ್ಕಾಲು ಗಂಟೆ ಏಳುತ್ತಿರಲಿಲ್ಲ. ಬ್ಯಾಂಕಿಗೆ ತಡವಾಗಿ ಹೋದ ದಿನಗಳಲ್ಲಿ ಅರ್ಧ ಪಾಪ ಗೇಟಿನದು. ಇನ್ನರ್ಧ ನನ್ನದು, ಅದನ್ನೂ ಗೇಟಿನ ಮೇಲೆಯೇ ಹಾಕುತ್ತಿದ್ದೆ.

ಮಾಸ್ತರರು ಎಂದರೆ ಚನ್ನಬಸಪ್ಪನವರು. ಗದಗಿನ ಕಡೆಯವರು, ಮೂವತ್ತು ವರ್ಷ ರೈಲ್ವೆಯಲ್ಲಿ ದುಡಿದು, ಸ್ಟೇಷನ್ ಮಾಸ್ತರರಾಗಿ ನಿವೃತ್ತರಾಗಿದ್ದರು. ನಮ್ಮ ಓಣಿಯಲ್ಲಿ ಮೂರು ಮನೆ ಆಚೆಗೆ ಅವರ ಮನೆ. ಅವರ ಹೆಂಡತಿ ಗಂಗವ್ವ ನನ್ನ ಹೆಂಡತಿ ನೀಲಳಿಗೆ ಅಕ್ಕನಂತಿದ್ದವರು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಗಂಗವ್ವನಿಗೆ ಎದೆನೋವು ಬಂತು. ಮಾಸ್ತರರು ಟಾಂಗಾದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟರು. ಗೇಟು ಬಿದ್ದಿತ್ತು. ಗೇಟು ಏಳುವ ಹೊತ್ತಿಗೆ ಟಾಂಗಾ ಆಸ್ಪತ್ರೆಯ ಕಡೆ ಹೋಗುವ ಅಗತ್ಯ ಉಳಿದಿರಲಿಲ್ಲ.

ಅದಾದ ಮೇಲೆ ಮಾಸ್ತರರು ಮನೆ ಖಾಲಿ ಮಾಡಿ, ಹಳಿಯ ಆಚೆ, ಪೇಟೆಯ ಬದಿಗೆ ಒಂದೇ ಖೋಲಿ ಹಿಡಿದು ಇರತೊಡಗಿದರು. ರವಿವಾರಕ್ಕೊಮ್ಮೆ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ಮಾತು ಕಡಿಮೆ. ರೊಟ್ಟಿ ಮುರಿದು ಕೈಯಲ್ಲಿ ಹಿಡಿದುಕೊಂಡು, ತಿನ್ನುವುದನ್ನು ಮರೆತು ಕೂರುತ್ತಿದ್ದರು. ಅಂಥ ಒಂದು ರವಿವಾರ ನನಗೆ ಆ ಮಹತ್ತಾದ ವಿಚಾರ ಹೊಳೆಯಿತು.

“ಮಾಸ್ತರ, ನೀವು ನಿಂದರ್ರಿ” ಎಂದೆ.

“ಎಲ್ಲಿ?”

“ಚುನಾವಣೆಗೆ. ಹೊಸಾ ಕ್ಷೇತ್ರ ಐತಿ. ಹಳೇ ಹುಲಿ ಯಾವೂ ಇಲ್ಲ.”

“ಮೂವತ್ತು ವರ್ಷ ನಿಂತೇನ್ರಿ, ಪ್ಲಾಟ್‌ಫಾರ್ಮ್ ಮ್ಯಾಲ. ಇನ್ನ ಕುಂದರಬೇಕಂತೇನಿ.”

“ಒಂದ ಮಾತು ಕೇಳೋಣ. ಗೇಟಿನ ಮ್ಯಾಲೆ ಒಂದು ಸೇತುವಿ. ಮತ್ತೇನೂ ಬ್ಯಾಡ.”

ಮಾಸ್ತರರ ಕೈಯಲ್ಲಿದ್ದ ರೊಟ್ಟಿ ತಾಟಿಗೆ ಇಳಿಯಿತು. “ಆಗ್ತೈತೇನ್ರಿ ಸೇತುವಿ?” ಎಂದು ಕೇಳಿದರು.

“ಅಸೆಂಬ್ಲಿದಾಗ ಎದ್ದು ನಿಂತು ಕೇಳಿದ್ರ ಯಾಕ ಆಗೂದಿಲ್ಲ?”

ನೀಲಾ ಅಡಿಗೆಮನೆಯಿಂದ ನನ್ನನ್ನು ಒಳಗೆ ಕರೆದಳು. “ಅವರನ್ನ ಸುಮ್ನ ಬಿಡ್ರಿ. ಈಗೀಗ ಎರಡು ರೊಟ್ಟಿ ಉಣ್ಣಾಕ ಹತ್ಯಾರ. ನೀವು ಕೈ ಹಾಕಿದ ಕೆಲಸ ಯಾವುದು ದಡ ಹತ್ತೈತಿ?” ಎಂದಳು. ಹೆಂಗಸರಿಗೆ ರಾಜಕಾರಣ ತಿಳಿಯುವುದಿಲ್ಲವೆಂದು ನಾನು ಮನಸ್ಸಿನಲ್ಲಿಯೇ ಅಂದುಕೊಂಡೆ. ಬಾಯಿಬಿಟ್ಟು ಅನ್ನುವಷ್ಟು ರಾಜಕಾರಣ ನನಗೂ ತಿಳಿಯುತ್ತಿರಲಿಲ್ಲ.

ಹೀಗೆ ಮಾಸ್ತರರು ಒಪ್ಪಿದರು. ನಾನು ಬ್ಯಾಂಕಿಗೆ ರಜೆ ಹಾಕಿ ಅವರ ಚುನಾವಣಾ ಏಜೆಂಟನಾದೆ, ಪ್ರಚಾರ ಪ್ರಮುಖನಾದೆ, ಭಿತ್ತಿಪತ್ರ ಹಚ್ಚುವವನಾದೆ. ನಮ್ಮ ಪಕ್ಷಕ್ಕೆ ಹೆಸರಿರಲಿಲ್ಲ. ಸದಸ್ಯರು ಇಬ್ಬರು, ಅದರಲ್ಲಿ ಒಬ್ಬರಿಗೆ ಉತ್ಸಾಹವಿರಲಿಲ್ಲ.

ಅರ್ಜಿ ಸಲ್ಲಿಸಲು ಸಿವಿಲ್ ಲೈನ್ಸಿನ ಕಚೇರಿಗೆ ಹೋದಾಗ ಮೊದಲ ಪೆಟ್ಟು ಬಿತ್ತು. ಅಧಿಕಾರಿ ಮತದಾರರ ಯಾದಿಯಲ್ಲಿ ಬೆರಳಾಡಿಸಿ, ಹಿಂದಿಯಲ್ಲಿ ಸೌಮ್ಯವಾಗಿ ಹೇಳಿದರು: ಹೊಸ ಕ್ಷೇತ್ರದ ಗಡಿ ರೈಲ್ವೆ ಹಳಿ. ಹಳಿಯ ಹೊರಗಿನದು ಹೊಸ ಕ್ಷೇತ್ರ, ಒಳಗಿನದು ಹಳೆಯದು. ಈ ಮಹನೀಯರ ಹೆಸರು ಒಳಗಿದೆ. ಕಾನೂನಿನ ಪ್ರಕಾರ ಹೊಸ ಕ್ಷೇತ್ರದಲ್ಲಿ ನಿಲ್ಲಬಹುದು, ಆದರೆ ಅಲ್ಲಿ ಓಟು ಹಾಕುವ ಹಾಗಿಲ್ಲ.

ಅಂದರೆ ಮಾಸ್ತರರ ಓಟು ಮಾಸ್ತರರಿಗೇ ಇಲ್ಲ. ಇಷ್ಟು ಸಣ್ಣ ವಿಷಯವನ್ನು ಮೊದಲೇ ವಿಚಾರಿಸಬೇಕಿದ್ದವನು ಅವರ ಚುನಾವಣಾ ಏಜೆಂಟ. ನಾನು ಛಾವಣಿಯ ಪಂಖಾ ನೋಡುತ್ತ ನಿಂತೆ.

ಹೊರಗೆ ಬಂದ ಮೇಲೆ ಮಾಸ್ತರರೇ ನನ್ನನ್ನು ಸಮಾಧಾನ ಮಾಡಿದರು. “ಇರ್ಲಿ ಬಿಡ್ರಿ ಅಂಗಡಿಯವರ. ನನ್ನ ಓಟು ನಾನ ಹಾಕ್ಕೊಳ್ಳೂದು ಚಂದ ಕಾಣೂದಿಲ್ಲ. ನನ್ನ ಬದಲಿ ನೀವು ಅದೀರಲ್ಲ.”

“ನಾವು ಇಬ್ಬರದೇವಿ. ನಾನು, ನೀಲಾ” ಎಂದೆ. ಆ ಮಾತನ್ನು ಬಹಳ ಧೈರ್ಯದಿಂದ ಹೇಳಿದೆ.

ನಾಮಪತ್ರಗಳ ತಪಾಸಣೆಯ ದಿನ ನಾನು ಅಭ್ಯರ್ಥಿಗಳ ಯಾದಿಯನ್ನು ದುಂಡಗಿನ ಅಕ್ಷರದಲ್ಲಿ ಬರೆದುಕೊಂಡು ಬಂದೆ. ಐದು ಜನ. ಮಾಸ್ತರರ ಹೆಸರು ಮೂರನೆಯದು. ಚಿಹ್ನೆ ಏಣಿ ಸಿಕ್ಕಿತು. ಸೇತುವೆಗೆ ಇದಕ್ಕಿಂತ ಹತ್ತಿರದ ಚಿಹ್ನೆ ಆ ಪಟ್ಟಿಯಲ್ಲಿ ಇರಲಿಲ್ಲ. ಮೇಲಕ್ಕೆ ಹತ್ತುವುದಾದರೂ ಆಗುತ್ತದಲ್ಲ ಎಂದು ನಾನು ವಾದಿಸಿದೆ. ಇಳಿಯುವುದು ಹೇಗೆ ಎಂದು ಮಾಸ್ತರರು ಕೇಳಲಿಲ್ಲ.

ಭಿತ್ತಿಪತ್ರಗಳನ್ನು ಒಂದು ಸಣ್ಣ ಮುದ್ರಣಾಲಯದಲ್ಲಿ ಹಾಕಿಸಿದೆ. ಮೊದಲ ಕರಡನ್ನು ತೋರಿಸಿದಾಗ ನಾನು ನೆಟ್ಟಗೆ ನಿಂತು, ಕನ್ನಡಕ ಏರಿಸಿ, ಕಾಗದವನ್ನು ಅತ್ತ ಇತ್ತ ತಿರುಗಿಸಿ, ಒಂದೊಂದೇ ಅಕ್ಷರ ಓದಿ ಸಹಿ ಮಾಡಿಕೊಟ್ಟೆ. ಅಕ್ಷರದಲ್ಲಿ ಒಂದೇ ಒಂದು ತಪ್ಪಿರಲಿಲ್ಲ. ಪತ್ರಗಳು ಗೋಡೆಗೆ ಹತ್ತಿದ ಮೇಲೆ ಗೊತ್ತಾಯಿತು, ಏಣಿ ಮಲಗಿತ್ತು. ಜಾಗ ಸಾಲದೆ ಅವರು ಚಿತ್ರವನ್ನು ಅಡ್ಡ ಕೂರಿಸಿದ್ದರು, ನಾನು ಕಾಗದವನ್ನು ಅಡ್ಡ ಹಿಡಿದು ನೋಡಿ ಒಪ್ಪಿದ್ದೆ. ಮಲಗಿದ ಏಣಿ ಥೇಟ್ ರೈಲ್ವೆ ಹಳಿಯ ಹಾಗೆ ಕಾಣುತ್ತಿತ್ತು.

ನಮ್ಮ ಪಕ್ಕದ ಮನೆಯ ಮುದುಕಿ ಸಖೂಬಾಯಿ ಆ ಪತ್ರವನ್ನು ಬಹಳ ಹೊತ್ತು ನೋಡಿ, “ಅರೆ ದೇವಾ, ಆಣಖೀ ಏಕ್ ರೂಳ್?” ಎಂದಳು. ಮತ್ತೊಂದು ಹಳಿಯೇ ಎಂದು ಕೇಳಿದಳು. ಇರುವ ಹಳಿಯಿಂದಲೇ ಸಾಯುತ್ತಿದ್ದ ಫಾಟಕ್‌ಪಾರದ ಜನಕ್ಕೆ, ಈ ನಿವೃತ್ತ ರೈಲ್ವೆಯವರು ಇನ್ನೊಂದು ಹಳಿ ತರುತ್ತಾರೆ ಎಂಬ ಸುದ್ದಿ ಸಂಜೆಯೊಳಗೆ ಮುಟ್ಟಿತು.

ಇದನ್ನು ಸರಿಪಡಿಸಲು ನಾನು ಒಂದು ಸಭೆ ಏರ್ಪಡಿಸಿದೆ. ಜಾಗ: ಗೇಟಿನ ಬದಿ. ವೇಳೆ: ಸಂಜೆಯ ಮಾಲುಗಾಡಿಗೆ ಗೇಟು ಬೀಳುವ ಹೊತ್ತು. ಸಭಿಕರನ್ನು ಕರೆಯುವ ಕೆಲಸವಿಲ್ಲ, ತಪ್ಪಿಸಿಕೊಂಡು ಹೋಗುವ ಭಯವಿಲ್ಲ. ಇಂಥ ಯುಕ್ತಿ ದೊಡ್ಡ ದೊಡ್ಡ ಪಕ್ಷಗಳಿಗೂ ಹೊಳೆದಿರಲಿಲ್ಲ. ಗೇಟು ಬಿತ್ತು. ಸೈಕಲ್ಲು, ಟಾಂಗಾ, ಕಿತ್ತಳೆ ತುಂಬಿದ ಬಂಡಿ, ಮಗ್ಗದ ಸೀರೆಗಳ ಗಂಟು ಹೊತ್ತು ಕಾಮಠಿಯಿಂದ ಬಂದ ಕೈಗಾಡಿಗಳು, ಎಲ್ಲ ನಿಂತವು. ಮಾಸ್ತರರನ್ನು ಒಂದು ಖಾಲಿ ಬಂಡಿಯ ಮೇಲೆ ನಿಲ್ಲಿಸಿದೆ.

ಮಾಸ್ತರರು ತಮ್ಮ ರೈಲ್ವೆ ಹಿಂದಿಯಲ್ಲಿ ಚೆನ್ನಾಗಿಯೇ ಶುರು ಮಾಡಿದರು. ಜನ ಕೇಳತೊಡಗಿದರು. ಸೈಕಲ್ಲಿನವರು ಕಾಲು ಊರಿ ನಿಂತರು. “ಎರಡು ವರ್ಷದ ಹಿಂದೆ, ಇದೇ ಜಾಗದಲ್ಲಿ, ನನ್ನ ಹೆಂಡತಿ...” ಎಂದರು ಮಾಸ್ತರರು, ಮತ್ತು ತಡೆದರು. ನನ್ನ ಪಕ್ಕ ನಿಂತ ಬಂಡಿಯವನು ಬೀಡಿ ಆರಿಸಿದ. ಆ ಕ್ಷಣಕ್ಕೆ ಗೇಟು ಎದ್ದಿತು. ವರ್ಷದಲ್ಲಿ ಅದೊಂದೇ ದಿನ ಅದು ಬೇಗ ಎದ್ದದ್ದು.

ಜನ ಒಂದು ಕ್ಷಣ ಅನುಮಾನಿಸಿದರು. ಹೋಗುವುದೋ, ನಿಲ್ಲುವುದೋ? ಬಂಡಿಯ ಮೇಲಿದ್ದ ಮಾಸ್ತರರು ಗೇಟಿನ ಕಡೆ ನೋಡಿದರು. ಮೂವತ್ತು ವರ್ಷದ ರೂಢಿ. ಅವರ ಕೈ ತಾನೇ ಎದ್ದು, ಹೋಗಿ, ಹೋಗಿ ಎಂದು ದಾರಿ ತೋರಿಸಿತು. ಎಲ್ಲರೂ ಹೋದರು. ಅವರು ನಿಂತಿದ್ದ ಬಂಡಿಯೂ ಹೊರಟಿತು. ನಾನು ಓಡಿಹೋಗಿ ಅವರನ್ನು ಹಳಿಯ ಮೇಲೆ ಇಳಿಸಿಕೊಂಡೆ.

ಇಷ್ಟಾದ ಮೇಲೆ ಇನ್ನೊಬ್ಬನಾಗಿದ್ದರೆ ಸುಮ್ಮನಿರುತ್ತಿದ್ದ. ನಾನು ಹೊಸ ಉಪಾಯ ತೆಗೆದೆ. ಆಗಿನ ಚುನಾವಣೆಯಲ್ಲಿ ಈಗಿನ ಹಾಗೆ ಚೀಟಿಯ ಮೇಲೆ ಗುರುತು ಹಾಕುವುದು ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವನ ಚಿಹ್ನೆ ಅಂಟಿಸಿರುತ್ತಿದ್ದರು. ಪರದೆಯ ಹಿಂದೆ ಹೋಗಿ, ಬೇಕಾದವರ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಬರಬೇಕು. ಏಣಿಯ ವಿಷಯ ಕೆಟ್ಟುಹೋಗಿತ್ತು. ಏಣಿ ಎಂದರೆ ಜನ ಹಳಿ ಎನ್ನುತ್ತಿದ್ದರು. ಆದ್ದರಿಂದ ನಾನು ಚಿಹ್ನೆಯನ್ನೇ ಕೈಬಿಟ್ಟೆ. ನನ್ನ ಯಾದಿಯಲ್ಲಿ ಮಾಸ್ತರರು ಮೂರನೆಯವರು. ಮನೆಮನೆಗೆ ಹೋಗಿ, ಮೂರು ಬೆರಳು ಎತ್ತಿ ತೋರಿಸಿ ಹೇಳತೊಡಗಿದೆ: “ಚಿತ್ರ ನೋಡುವುದೇ ಬೇಡ. ಎಡಗಡೆಯಿಂದ ಎಣಿಸಿ. ಮೂರನೆಯ ಪೆಟ್ಟಿಗೆ.”

ಇದು ಜನಕ್ಕೆ ಹಿಡಿಸಿತು. ಓದು ಬಾರದವರಿಗೆ ಸುಲಭ, ಕಣ್ಣು ಮಂಜಾದವರಿಗೆ ಸುಲಭ. ಸಖೂಬಾಯಿ ಓಣಿಯಲ್ಲಿ ನನ್ನನ್ನು ಕಂಡಾಗಲೆಲ್ಲ ಮೂರು ಬೆರಳು ಎತ್ತತೊಡಗಿದಳು. ಆಕೆಗೆ ಗಂಗವ್ವನ ಮೇಲೆ ಪ್ರೀತಿಯಿತ್ತು. “ಗಂಗಾಬಾಯೀ ಸಾಠೀ” ಎನ್ನುತ್ತಿದ್ದಳು. ಗಂಗಾಬಾಯಿಗೋಸ್ಕರ.

ಮತದಾನದ ದಿನ ನಮ್ಮ ವಸತಿಯ ಶಾಲೆಯಲ್ಲಿ ಎಲ್ಲರಿಗಿಂತ ಮೊದಲು ಓಟು ಹಾಕಿದವನು ನಾನು. ಬೆರಳಿಗೆ ಮಸಿ ಹಚ್ಚಿಸಿಕೊಂಡು ಪರದೆಯ ಹಿಂದೆ ಹೋದೆ. ಒಳಗೆ ಮಬ್ಬು. ಚಿತ್ರ ನೋಡುವ ಗೋಜಿಗೆ ಹೋಗಲಿಲ್ಲ. ಬೇರೆಯವರಿಗೆ ಬೇಡವೆಂದದ್ದನ್ನು ನಾನೇ ಮಾಡುವುದೇ? ಒಂದು, ಎರಡು, ಮೂರು ಎಂದು ಮುಟ್ಟಿ ಎಣಿಸಿ, ಚೀಟಿ ಹಾಕಿ, ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟಿ ಬಂದೆ. ಆಮೇಲೆ ಶಾಲೆಯಿಂದ ನೂರು ಹೆಜ್ಜೆ ದೂರ ಬೇವಿನ ಮರದ ಕೆಳಗೆ ನಿಂತು, ಬಂದವರಿಗೆಲ್ಲ ಸಾಯಂಕಾಲದವರೆಗೆ ಮೂರು ಬೆರಳು ತೋರಿಸಿದೆ. ನೀಲಾ ಇಳಕಲ್ ಸೀರೆ ಉಟ್ಟು ಬಂದು ಓಟು ಹಾಕಿ ಹೋದಳು. ಹೊರಗೆ ಬಂದಾಗ ನನ್ನನ್ನು ನೋಡಿ ಏನೋ ಹೇಳಲು ನಿಂತಳು. ನಾನು ಒಂದು ಟಾಂಗಾದ ತುಂಬ ಬಂದ ಮತದಾರರಿಗೆ ಬೆರಳು ತೋರಿಸುತ್ತಿದ್ದೆ. “ಮನ್ಯಾಗ ಮಾತಾಡೋಣ” ಎಂದೆ. ಮನೆಯಲ್ಲಿ ನನಗೆ ಮಾತಾಡುವ ಶಕ್ತಿ ಉಳಿದಿರಲಿಲ್ಲ, ಉಂಡು ಮಲಗಿಬಿಟ್ಟೆ.

ಎಣಿಕೆಯ ದಿನ ಮಾಸ್ತರರು ಇಸ್ತ್ರಿ ಮಾಡಿದ ಕರಿ ಕೋಟು ಹಾಕಿಕೊಂಡು ಬಂದರು. ರೈಲ್ವೆಯ ಗುಂಡಿಗಳನ್ನು ತೆಗೆದು ಸಾದಾ ಗುಂಡಿ ಹಚ್ಚಿಸಿದ್ದರು. ಒಂದೊಂದು ಮತಗಟ್ಟೆಯ ಪೆಟ್ಟಿಗೆಗಳನ್ನು ಬೇರೆ ಬೇರೆಯಾಗಿ ಮೇಜಿನ ಮೇಲಿಟ್ಟು ಒಡೆಯುತ್ತಿದ್ದರು. ದೂರದ ಒಂದು ಹಳ್ಳಿಯಿಂದ ಮಾಸ್ತರರಿಗೆ ಏಳು ಓಟು ಬಂತು. ಇನ್ನೊಂದರಿಂದ ಹನ್ನೊಂದು. ನಾನು ಆ ಹಳ್ಳಿಗಳಿಗೆ ಕಾಲೇ ಇಟ್ಟಿರಲಿಲ್ಲ. “ನೋಡ್ರಿ, ಹೋಗದಿದ್ದಲ್ಲೇ ಇಷ್ಟು. ಇನ್ನ ನಮ್ಮ ಫಾಟಕ್‌ಪಾರ್ ಬರ್ಲಿ” ಎಂದು ಮಾಸ್ತರರ ಕಿವಿಯಲ್ಲಿ ಹೇಳಿದೆ. ಅವರ ಮುಖದಲ್ಲಿ ಎರಡು ವರ್ಷದ ಮೇಲೆ ಒಂದು ಸಣ್ಣ ಬೆಳಕು ಕಂಡಿತು. ಅದು ನಿಜವಾಗಿಯೂ ಕಂಡಿತು, ನನಗೆ ಚೆನ್ನಾಗಿ ನೆನಪಿದೆ.

ನಮ್ಮ ಶಾಲೆಯ ಪೆಟ್ಟಿಗೆಗಳು ಬಂದವು. ಏಣಿಯ ಚಿತ್ರವಿದ್ದ ಪೆಟ್ಟಿಗೆಯ ಅರಗು ಒಡೆದು, ಮುಚ್ಚಳ ತೆಗೆದು, ಗುಮಾಸ್ತ ಅದನ್ನು ಮೇಜಿನ ಮೇಲೆ ಬೋರಲು ಹಾಕಿದ. ಏನೂ ಬೀಳಲಿಲ್ಲ. ಆತ ಪೆಟ್ಟಿಗೆಯ ತಳವನ್ನು ಎರಡು ಸಲ ಅಂಗೈಯಿಂದ ಬಡಿದ. ಒಳಗೆ ಕೈ ಹಾಕಿ ಮೂಲೆಗಳನ್ನು ಸವರಿದ. ಪಾಪ, ಕೆಲಸದಲ್ಲಿ ಶ್ರದ್ಧೆ ಇದ್ದವನು. ಆಮೇಲೆ “ಶೂನ್ಯ” ಎಂದು ಬರೆಸಿದ.

ನೂರು ಸಲ ಬಡಿದರೂ ಅದರಿಂದ ಏನೂ ಬೀಳುತ್ತಿರಲಿಲ್ಲ. ಆದರೆ ನನ್ನ ಓಟು? ನೀಲಳ ಓಟು? ನಾನು ಕೈಯಾರೆ ಹಾಕಿದ್ದೆ.

ಮಾಸ್ತರರು ನನ್ನ ಕಡೆ ತಿರುಗಿ ನೋಡಿದರು. ಸಿಟ್ಟಿನಿಂದಲ್ಲ. ಬರಬೇಕಾದ ಗಾಡಿ ಬರಲಿಲ್ಲವೆಂದು ಸಿಗ್ನಲ್ಲಿನ ಕಡೆ ನೋಡುವ ಹಾಗೆ ನೋಡಿದರು.

“ಮಾಸ್ತರ, ನಾ ಹಾಕೇನ್ರಿ. ದೇವರಾಣೆ, ಹಾಕೇನಿ” ಎಂದೆ.

“ಹೂಂ” ಎಂದರು. ಕೋಟಿನ ಗುಂಡಿ ಹಾಕಿಕೊಂಡು, ಗುಮಾಸ್ತನಿಗೆ ನಮಸ್ಕಾರ ಮಾಡಿ, ಹೊರಗೆ ನಡೆದರು. ಉಳಿದ ಎಣಿಕೆಗೆ ನಾನೊಬ್ಬನೇ ಕೂತೆ. ನಾನು ಪ್ರಚಾರ ಮಾಡಿದ ಒಂದೊಂದು ಮತಗಟ್ಟೆಯಲ್ಲಿಯೂ ಶೂನ್ಯ. ನಾನು ಮರೆತ ಕಟ್ಟೆಗಳಲ್ಲಿ ಅಷ್ಟಿಷ್ಟು. ತಕ್ಕಡಿ ಚಿಹ್ನೆಯ ಒಬ್ಬ ಗುತ್ತಿಗೆದಾರರು ಗೆದ್ದರು.

ಮರುದಿನ ಬೆಳಗ್ಗೆ ನಮ್ಮ ಓಣಿಗೆ ಬ್ಯಾಂಡು ಬಂತು. ಗೆದ್ದ ತಕ್ಕಡಿಯವರು ಗುಲಾಲು ಮೆತ್ತಿಕೊಂಡು, ಐವತ್ತು ಜನರೊಂದಿಗೆ ಬಂದು ನಮ್ಮ ಕಟ್ಟೆಯ ಮುಂದೆ ನಿಂತರು. ನಾನು ಹಲ್ಲುಜ್ಜುತ್ತಿದ್ದೆ. ಅವರು ತಮ್ಮ ಕೊರಳಿನ ಚೆಂಡುಹೂವಿನ ಹಾರವನ್ನು ತೆಗೆದು ನನ್ನ ಕೊರಳಿಗೆ ಹಾಕಿ, ಬಿಗಿಯಾಗಿ ಅಪ್ಪಿಕೊಂಡರು.

“ಅಂಗಡೀ ಸಾಹೇಬ, ಆಪಲೇ ಉಪಕಾರ ವಿಸರಣಾರ ನಾಹೀ” ಎಂದರು. ಉಪಕಾರ ಮರೆಯುವುದಿಲ್ಲವಂತೆ.

“ಯಾವ ಉಪಕಾರ?” ಎಂದೆ, ಬಾಯಿ ತುಂಬ ಹಲ್ಲುಪುಡಿ.

ಅವರು ಜನರ ಕಡೆ ತಿರುಗಿ ವಿವರಿಸಿದರು. “ನಮ್ಮ ಕಾರ್ಯಕರ್ತರು ನನಗೆ ಎಲ್ಲ ಹೇಳಿದ್ದಾರೆ. ಇವರು ಇಡೀ ದಿನ ಬೇವಿನ ಮರದ ಕೆಳಗೆ ಉಪವಾಸ ನಿಂತು, ಮೂರನೆಯ ಪೆಟ್ಟಿಗೆ, ಮೂರನೆಯ ಪೆಟ್ಟಿಗೆ ಎಂದು ನನಗಾಗಿ ಗಂಟಲು ಹರಿದುಕೊಂಡರು. ಒಂದು ದಿನವೂ ನನ್ನ ಮನೆಗೆ ಬಂದು ಏನನ್ನೂ ಕೇಳಲಿಲ್ಲ. ಇದು ನಿಃಸ್ವಾರ್ಥ ಸೇವೆ.”

ಜನ ಚಪ್ಪಾಳೆ ತಟ್ಟಿದರು. ಬ್ಯಾಂಡಿನವನು ಒಂದು ಸುತ್ತು ಬಾರಿಸಿದ. ಅವರ ಹಿಂದೆ ನಿಂತಿದ್ದ ಸಖೂಬಾಯಿ ಏನೂ ತಿಳಿಯದೆ ನನ್ನ ಕಡೆ ಮೂರು ಬೆರಳು ಎತ್ತಿ ತೋರಿಸಿದಳು.

ಮೆರವಣಿಗೆ ಹೋದ ಮೇಲೆ ನಾನು ಹಾರದ ಸಮೇತ ಅಡಿಗೆಮನೆಯ ಬಾಗಿಲಲ್ಲಿ ನಿಂತೆ. “ನೀಲಾ, ಮೂರನೇ ಪೆಟಗಿ ಯಾರದಿತ್ತು?”

ಆಕೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು. “ತಕ್ಕಡೀದು.”

“ಮಾಸ್ತರದ್ದು?”

“ಎರಡನೇದು. ಏಣಿ ಎರಡನೇದಕ್ಕಿತ್ತು.”

ಆಗ ಹೊಳೆಯಿತು. ತಪಾಸಣೆಯಾದ ಮೇಲೆ ಮೊದಲಿನ ಐವರಲ್ಲಿ ಒಬ್ಬ ನಾಮಪತ್ರ ಹಿಂತೆಗೆದುಕೊಂಡಿದ್ದ. ಯಾದಿಯಲ್ಲಿ ಮಾಸ್ತರರಿಗಿಂತ ಮೇಲಿದ್ದವನು. ಅವನ ಕೆಳಗಿನವರೆಲ್ಲ ಒಂದೊಂದು ಮೆಟ್ಟಿಲು ಮೇಲೆ ಸರಿದಿದ್ದರು. ಹೊಸ ಯಾದಿಯನ್ನು ಶಾಲೆಯ ಬಾಗಿಲಿಗೇ ಅಂಟಿಸಿದ್ದರು. ನಾನು ಅದರ ಪಕ್ಕದಲ್ಲಿಯೇ ಸಾಲು ನಿಂತು, ಅದಕ್ಕೆ ಒರಗಿಕೊಂಡು, ಮೊದಲನೆಯವನಾಗಿ ಓಟು ಹಾಕಿದ್ದೆ.

“ಮತ್ತ ನೀನು ನೋಡಿದ್ದೀಯಲ್ಲ? ಏಣಿ ಕಂಡ ಮ್ಯಾಲೂ ಯಾಕ ಮೂರನೇದಕ್ಕ ಹಾಕಿದಿ?”

“ನೀವು ಮೂರನೇದು ಅಂದಿದ್ರಿ.” ಆಕೆಯ ಧ್ವನಿ ಸಣ್ಣದಾಯಿತು. “ಬಾಳೊತ್ತು ನಿಂತೆ ರೀ ಒಳಗ. ಏಣಿ ನೋಡಿದೆ, ತಕ್ಕಡಿ ನೋಡಿದೆ. ಇಷ್ಟ ದಿನ ಅಡ್ಡಾಡ್ಯಾರ, ಅವರಿಗೆ ತಿಳಿದಿರ್ತೈತಿ, ಚಿತ್ರ ಹಚ್ಚಿದವರ ತಪ್ಪಿರಬೇಕು ಅನ್ಕೊಂಡೆ. ಹೊರಗ ಬಂದು ಕೇಳಬೇಕಂತ ಮಾಡಿದ್ದೆ.”

ಆಕೆ ಕೇಳಲು ನಿಂತದ್ದು, ನಾನು ಮನೆಯಲ್ಲಿ ಮಾತಾಡೋಣ ಎಂದದ್ದು, ಎರಡೂ ನೆನಪಾದವು. ನಾನು ಕೊರಳಿನ ಹಾರ ತೆಗೆದು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲಿ ಹಿಡಿದುಕೊಂಡೆ.

“ಮಾಸ್ತರ ಮುಂದ ಹೋಗಿ ಹೇಳ್ಬೇಕು” ಎಂದೆ.

“ಹೇಳ್ರಿ. ಆದ್ರ ನಾ ಏಣಿ ನೋಡಿದ್ದು ಮಾತ್ರ ಹೇಳಬ್ಯಾಡ್ರಿ. ಗಂಗವ್ವಕ್ಕನ ಸಲುವಾಗಿ ಇದ್ದದ್ದು ಅದೊಂದ ಓಟು. ನೋಡಿ ನೋಡಿ ತಪ್ಪಿಸಿದ್ಲು ಅಂದ್ರ ನಾ ಮುಖ ಹೆಂಗ ತೋರಸ್ಲಿ?” ಸೆರಗಿನಿಂದ ಕಣ್ಣು ಒರೆಸಿಕೊಳ್ಳಲು ಹೋಗಿ ಹಣೆಗೆಲ್ಲ ಹಿಟ್ಟು ಮೆತ್ತಿಕೊಂಡಳು.

ಮಾಸ್ತರರ ಖೋಲಿಗೆ ಹೋದಾಗ ಮಧ್ಯಾಹ್ನ ಮೂರು ಗಂಟೆ. ಹಾರದ ಸುದ್ದಿ ನನಗಿಂತ ಮೊದಲೇ ಹೋಗಿತ್ತು. ಅವರು ಅದನ್ನು ಎತ್ತಲಿಲ್ಲ. ಸ್ಟೋವ್ ಹಚ್ಚಿ ಚಹಾಕ್ಕೆ ನೀರಿಟ್ಟರು. ನಾನು ಬಾಗಿಲಲ್ಲಿ ನಿಂತೇ ಶುರು ಮಾಡಿದೆ. ಐದು ಹೆಸರು, ನಾಲ್ಕು ಪೆಟ್ಟಿಗೆ, ಎಡಗಡೆ, ಮೂರು ಬೆರಳು. ಹೇಳುತ್ತ ಹೇಳುತ್ತ ನನಗೇ ಅದು ಸುಳ್ಳಿನ ಹಾಗೆ ಕೇಳತೊಡಗಿತು. ಇಷ್ಟು ಹೆಡ್ಡತನ ಒಬ್ಬ ಮನುಷ್ಯನಲ್ಲಿ, ಅದೂ ಬ್ಯಾಂಕಿನ ಕಾರಕೂನನಲ್ಲಿ, ಇರಲು ಸಾಧ್ಯವೆಂದು ಯಾರು ನಂಬುತ್ತಾರೆ? ಲಂಚ ತಿಂದೆ ಎಂದಿದ್ದರೆ ಸಲೀಸಾಗಿ ನಂಬುತ್ತಿದ್ದರು.

“ಸಮಾಧಾನಕ್ಕ ಹೇಳ್ತೀರಿ, ಅಂಗಡಿಯವರ” ಎಂದರು ಮಾಸ್ತರರು ಬೆನ್ನು ತಿರುಗಿಸಿಕೊಂಡೇ. “ಬೇಕಾಗಿಲ್ಲ. ನನಗೇನು ಸಿಟ್ಟಿಲ್ಲ. ಓಟು ಅವರವರ ಮರ್ಜಿ.”

ಆಗ ನನಗೆ ದಾರಿ ಉಳಿಯಲಿಲ್ಲ. “ನೀಲಾ ನೋಡ್ಯಾಳ್ರಿ” ಎಂದೆ. “ಏಣಿ ಎರಡನೇದಕ್ಕಿದ್ದದ್ದು ಆಕಿ ಕಣ್ಣಾರೆ ನೋಡ್ಯಾಳ. ನೋಡಿದ ಮ್ಯಾಲೂ ಮೂರನೇದಕ್ಕ ಹಾಕ್ಯಾಳ.”

ಮಾಸ್ತರರು ತಿರುಗಿದರು. “ನೋಡಿದ ಮ್ಯಾಲೂ?”

“ಹೂಂ. ನಾ ಮೂರನೇದು ಅಂದಿದ್ದೆನಂತ.”

ಅವರು ಮಂಚದ ಮೇಲೆ ಕೂತರು. ಸ್ಟೋವಿನ ಮೇಲೆ ಚಹಾ ಉಕ್ಕಿತು. ನಾನು ಹೋಗಿ ಇಳಿಸಿದೆ, ಎರಡು ಬಟ್ಟಲಿಗೆ ಸೋಸಿದೆ. ಅವರು ತಮ್ಮ ಕೈ ನೋಡಿಕೊಳ್ಳುತ್ತ ಕೂತೇ ಇದ್ದರು. ಆಮೇಲೆ ಹೇಳತೊಡಗಿದರು.

“ನಮ್ಮಾಕಿನೂ ಹಂಗ. ಅವತ್ತ ಗೇಟು ಬಿದ್ದಿತ್ತಲ್ರೀ, ಮಾಲಗಾಡಿ ದೂರ ನಿಂತಿತ್ತು. ಹಳಿ ಖಾಲಿ ಇತ್ತು. ಆಕಿ ಅಂದ್ಲು, ‘ನನ್ನ ಇಳಸ್ರಿ. ಹತ್ತ ಹೆಜ್ಜಿ ನಡದ ದಾಟ್ತೀನಿ. ಆಚಿಕಡೆ ಬ್ಯಾರೆ ಟಾಂಗಾ ಐತಿ’ ಅಂತ. ಟಾಂಗಾದಂವನೂ ‘ನಾ ಹಿಡಕೋತೀನಿ ಸಾಹೇಬ’ ಅಂದ. ಎಲ್ಲಾರೂ ನುಸುಳಿ ದಾಟಾಕ ಹತ್ತಿದ್ರು. ನಾ ಅಂದೆ, ‘ಗೇಟು ಬಿದ್ದಾಗ ಹಳಿ ದಾಟಬಾರ್ದು. ರೂಲ್ ಐತಿ. ಮಾಸ್ತರನ ಹೇಣ್ತೀನ ರೂಲ್ ಮುರದ್ರ ಹೆಂಗ? ಈಗ ಏಳ್ತೈತಿ ತಡಿ.’”

ಮಾಸ್ತರರು ಚಹಾದ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

“ಆಕಿಗೆ ತಿಳದಿತ್ರಿ. ತನ್ನ ಜೀವಾ ಎಷ್ಟರಾಗ ಐತಿ ಅಂತ ಆಕಿಗೆ ತಿಳದಿತ್ತು. ನಾ ತಡಿ ಅಂದೆ, ಹೂಂ ಅಂದ್ಲು. ಮತ್ತ ಕೇಳ್ಲೇ ಇಲ್ಲ. ಸೇತುವಿ ಸೇತುವಿ ಅಂತ ನೀವು ಅಂದ್ರಿ, ನಾನೂ ಹೂಂ ಅಂದೆ. ಸೇತುವಿ ಇದ್ದಿದ್ರ ಆಕಿ ಕೇಳೂದೂ ಬರ್ತಿರ್ಲಿಲ್ಲ, ನಾ ಬ್ಯಾಡ ಅನ್ನೂದೂ ಬರ್ತಿರ್ಲಿಲ್ಲ.”

ಇಂಥ ಹೊತ್ತಿನಲ್ಲಿ ಮನುಷ್ಯ ಏನಾದರೂ ಹೇಳಬೇಕು. ಬೇವಿನ ಮರದ ಕೆಳಗೆ ಹತ್ತು ತಾಸು ನಿಲ್ಲದೆ ಮಾತಾಡಿದವನು ನಾನು, ಎರಡು ಸಲ ಸ್ವಾಗತ ಭಾಷಣ ಮಾಡಿದವನು. ಬಹಳ ಹುಡುಕಿ ನನಗೆ ಸಿಕ್ಕಿದ ಮಾತು ಒಂದೇ.

“ಮಾಸ್ತರ, ಚಹಾ ಆರ್ತೈತಿ” ಎಂದೆ.

ಅವರು ಬಟ್ಟಲು ಎತ್ತಿಕೊಂಡು ಕುಡಿದರು. ಪೂರ್ತಿ ಕುಡಿದು, ಬಟ್ಟಲು ಕೆಳಗಿಟ್ಟು, “ಸಕ್ಕರಿ ಹಾಕಿಲ್ರಿ ನೀವು” ಎಂದರು. ಆಮೇಲೆ ನನ್ನ ಭುಜದ ಮೇಲೆ ಒಂದು ಸಲ ಕೈಯಿಟ್ಟು, “ರವಿವಾರ ಬರ್ತೀನಂತ ಹೇಳ್ರಿ ತಂಗಿಗೆ. ಆಕೀ ಮ್ಯಾಲೆ ಸಿಟ್ಟಾಗಬ್ಯಾಡ್ರಿ” ಎಂದರು.

ಮನೆಗೆ ಬಂದಾಗ ನೀಲಾ ಕಟ್ಟೆಯ ಮೇಲೆಯೇ ಕೂತಿದ್ದಳು. ಮುಖ ತೊಳೆದುಕೊಂಡಿದ್ದಳು. ನಾನು ಚಪ್ಪಲಿ ಬಿಡುವವರೆಗೂ ತಡೆದು, “ಏನಂದ್ರು?” ಎಂದಳು.

“ರವಿವಾರ ಊಟಕ್ಕ ಬರ್ತಾರಂತ.”

“ನಂಬಿದ್ರೇನು?”

“ನಂಬಿದ್ರು.”

ಆಕೆ ನನ್ನ ಮುಖವನ್ನೇ ನೋಡಿದಳು. “ನಾ ಏಣಿ ನೋಡಿದ್ದು ಹೇಳಿದ್ರೇನು?”

“ಇಲ್ಲ” ಎಂದೆ.

ಅಷ್ಟೆಲ್ಲ ಆದ ಮೇಲೂ, ಆಕೆ ನನ್ನ ಮಾತನ್ನು ನಂಬಿದಳು.